ಕುಸುಮಕ್ಕ ಮುಚ್ಚಿದ ತೂತುಗಳು

ಕುಸುಮಕ್ಕ ಹಾಲಿನಲ್ಲಿ ಬೆರಳು ಅದ್ದಿ, ಒಂದು ಹನಿಯನ್ನು ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಕೈ ಓರೆ ಮಾಡಿ ನೋಡುತ್ತಿದ್ದರು. ಹನಿ ನಿಂತರೆ ಮುಂದಿನವರ ಕಡೆ ತಿರುಗುವರು. ಸರ್ರನೆ ಜಾರಿದರೆ ತಲೆ ಎತ್ತಿ, ಹಾಲು ತಂದವರ ಮುಖವನ್ನು ಒಂದು ಕ್ಷಣ ನೋಡುವರು. ಲ್ಯಾಕ್ಟೋಮೀಟರು ಬಿಡುವುದು ಆಮೇಲೆ. ಅದು ಎದುರಿಗಿದ್ದವರ ಸಮಾಧಾನಕ್ಕೆ ಮಾತ್ರ. ಕುಸುಮಕ್ಕನಿಗೆ ಆಗಲೇ ಗೊತ್ತಾಗಿರುತ್ತಿತ್ತು.

ಸದಲಗಾದಲ್ಲಿ ನಮ್ಮ ಓಣಿಯ ತುದಿಗೆ ಹಾಲಿನ ಡೇರಿ ಇತ್ತು. ಗಂಡ ತೀರಿದ ಮೇಲೆ ಕುಸುಮಕ್ಕನಿಗೆ ಅಲ್ಲಿ ಹಾಲು ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಜೈನರ ಮನೆಯ ಹೆಂಗಸು, ಏಳನೇ ತರಗತಿಯವರೆಗೆ ಓದಿದವರು, ನಲವತ್ತರ ಆಸುಪಾಸು. ಒಬ್ಬಳೇ ಮಗಳು, ಸನ್ಮತಿ, ಆಗ ಒಂಬತ್ತನೇ ತರಗತಿ. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಗಣಿತ ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮದು ಒಂದೇ ಎಮ್ಮೆ. ಬೆಳಿಗ್ಗೆ, ಸಂಜೆ ಹಾಲು ಒಯ್ಯುವುದು ನನ್ನ ಪಾಲಿನ ಕೆಲಸ.

ಒಂದು ಮಳೆಗಾಲದ ಸಂಜೆ ನನ್ನ ಮುಂದಿದ್ದ ಮುದುಕನ ಹಾಲು ಉಗುರಿನ ಮೇಲೆ ನಿಲ್ಲಲೇ ಇಲ್ಲ.

"ಕಾಕಾ, ನಿಮ್ಮ ಎಮ್ಮಿ ಇವತ್ತ ಹೊಳಿ ಈಸಿ ಬಂತೇನ್ರಿ?"

"ಹಸಿ ಮೇವು ಬೇ ಅದು. ಮಳಿಗಾಲದಾಗ ಹಾಲ ತೆಳುವ ಆಗ್ತೈತಿ."

"ತೆಳುವ ಆಗ್ತೈತಿ ಖರೆ. ಮೀನ ಈಸೂವಷ್ಟ ತೆಳುವ ಆಗೂದಿಲ್ಲ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ಮುದುಕನೂ ನಕ್ಕ. ಆದರೆ ಹಾಲು ಒಳಗೆ ಹೋಗಲಿಲ್ಲ. ಕುಸುಮಕ್ಕನ ಸ್ವಭಾವವೇ ಹಾಗೆ. ಮಾತು ಮೆತ್ತಗೆ, ತೀರ್ಪು ಗಟ್ಟಿ.

ಆ ದಿನಗಳಲ್ಲಿ ನಾನು ಗುಟ್ಟಾಗಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೆ. ಮನೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಯಾರಿಗೂ ಹೇಳಿರಲಿಲ್ಲ. ಹೇಳುವ ಸ್ವಭಾವ ನನ್ನದಲ್ಲ. ಮಂತ್ರ ತಿಳಿದ ಜನರಿರುವ ಒಂದು ನಾಡು. ಅಲ್ಲಿ ಮಂದಾರೆ ಎಂಬ ಹುಡುಗಿ. ಅವಳ ತಮ್ಮನ ನೆರಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆ. ಪೂರ್ತಿ ಹೋದ ದಿನ ಅವನು ಸಾಯುತ್ತಾನೆ. ಅವನನ್ನು ಉಳಿಸಲು ಮಂದಾರೆ ಹೊರಡುತ್ತಾಳೆ. ಇಷ್ಟು ಕಥೆಯನ್ನು ಇನ್ನೂರು ಪುಟದ ವಹಿಯಲ್ಲಿ ಬರೆದಿದ್ದೆ. ಸಾಲಿನಲ್ಲಿ ನಿಂತಾಗಲೂ ತೆಗೆದು ತಿದ್ದುತ್ತಿದ್ದೆ. ಒಂದು ಸಂಜೆ ಆ ವಹಿಯನ್ನು ಡೇರಿಯ ಕಟ್ಟೆಯ ಮೇಲೆ ಮರೆತು ಮನೆಗೆ ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ಕುಸುಮಕ್ಕ ವಹಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ಕೊಟ್ಟರು. ಬೇರೆ ಯಾರೂ ನೋಡದಂತೆ ಕೊಟ್ಟದ್ದಕ್ಕೆ ನನಗೆ ಅವರ ಮೇಲೆ ಆಗಲೇ ಪ್ರೀತಿ ಹುಟ್ಟಿರಬೇಕು.

"ಓದೀನಿ ನೋಡ ತಂಗಿ. ಕೇಳದ ಓದಿದ್ದ ತಪ್ಪಾತು."

ನಾನು ವಹಿಯನ್ನು ಚೀಲಕ್ಕೆ ತುರುಕಿದೆ.

"ಹುಡುಗಿ ಚಲೋ ಅದಾಳ. ನಿನ್ನ ಮಂತ್ರವಾದಿಗೋಳು ಬಾಳ ಸೋಮಾರಿಗೋಳು. ಕುಂತಲ್ಲೆ ಕುಂತು ಏನೋ ಅಂತಾರ, ಗುಡ್ಡ ಸರೀತೈತಿ. ಬರೀ ಬಾಯಿ ಮಾತಿಲೆ ಆಗೂದಾದ್ರ ನಮ್ಮೂರಾಗ ಒಂದರ ಗುಡ್ಡ ಉಳೀತಿತ್ತೇನ?"

"ಮತ್ತ ಹೆಂಗ ಬರೀಬೇಕ್ರಿ ಅಕ್ಕಾ?"

"ಅವರು ಏನ ಬಿಟ್ರು ಅದನ್ನ ಬರಿ. ಬಿಡದ ಏನೂ ಬರೂದಿಲ್ಲ."

ಬಸದಿಯಲ್ಲಿ ಓದು ಬಾರದ ಹೆಂಗಸರಿಗೆ ಪುರಾಣ ಓದಿ ಹೇಳುವುದು ಕುಸುಮಕ್ಕನ ಇನ್ನೊಂದು ಕೆಲಸವಾಗಿತ್ತು. ಆಕಾಶದಲ್ಲಿ ಹಾರುವ ವಿದ್ಯಾಧರರು ಅವರಿಗೆ ಪಕ್ಕದ ಓಣಿಯವರಷ್ಟು ಪರಿಚಿತರು. ಯಾವ ವಿದ್ಯೆಗೆ ಎಷ್ಟು ತಪಸ್ಸು, ಯಾವ ತಪ್ಪಿಗೆ ವಿದ್ಯೆ ಹೋಗುತ್ತದೆ ಎಂಬುದೆಲ್ಲ ಅವರಿಗೆ ಹಾಲಿನ ಡಿಗ್ರಿಯಷ್ಟೇ ಖಚಿತ. ನನ್ನ ಕಾದಂಬರಿಗೆ ಕೊರತೆಯಾಗಿದ್ದು ಅದೇ. ಮಾಯೆ ಇತ್ತು, ಅದಕ್ಕೊಂದು ಕಟ್ಟಳೆ ಇರಲಿಲ್ಲ.

ಮುಂದಿನ ಎರಡು ವರ್ಷ ನಾವಿಬ್ಬರೂ ಆ ಕಟ್ಟಳೆ ಕಟ್ಟಿದೆವು. ಸಂಜೆಯ ಸಾಲು ಕರಗಿದ ಮೇಲೆ ಅವರು ಕ್ಯಾನು ತೊಳೆಯುವರು, ನಾನು ನೀರು ಹಾಕುವೆನು, ಮಾತು ನಡೆಯುವುದು. ಮೊದಲ ನಿಯಮ ಅವರದೇ ಮಾತಿನಿಂದ ಬಂತು: ನನ್ನ ನಾಡಿನಲ್ಲಿ ಶಕ್ತಿ ಬೇಕಾದವರು ಏನಾದರೊಂದನ್ನು ಬಿಡಬೇಕು. ನಾನು ಖುಷಿಯಿಂದ ಬರೆದುಕೊಂಡು ಹೋದೆ. ಮರುದಿನವೇ ಅವರು ಅದರಲ್ಲಿ ತೂತು ಹುಡುಕಿದರು.

"ಹಾಗಲಕಾಯಿ ಸೇರದಾಕಿ ಹಾಗಲಕಾಯಿ ಬಿಟ್ರ?"

"ಅದು ನಡೀಬಾರದು."

"ನಮ್ಮ ಓಣಿ ಅಕ್ಕಾತಾಯಿ ಹ್ವಾದ ವರ್ಷ ಪ್ಯಾರಲ ಹಣ್ಣ ಬಿಟ್ಲು. ಯಾವಾಗ? ಬ್ಯಾಸಿಗ್ಯಾಗ! ಗಿಡದಾಗ ಒಂದ ಕಾಯಿ ಇರಲಿಲ್ಲ. ಹಣ್ಣಿನ ದಿನ ಬಂದ ಕೂಡ್ಲೆ, ಮುದತ ಮುಗೀತು ಅಂತ ತಿಂದ್ಲು."

ಹಾಗಾಗಿ, ಬಿಡುವುದು ಮನಸ್ಸಿಗೆ ಅತ್ಯಂತ ಹತ್ತಿರದ್ದೇ ಆಗಿರಬೇಕು, ಬಿಟ್ಟದ್ದನ್ನು ಮತ್ತೆಂದೂ ಮುಟ್ಟಬಾರದು ಎಂದು ಬರೆದೆವು. ಜನ ಹೊಗಳಲಿ ಎಂದು ಬಿಡುವವರನ್ನು ಏನು ಮಾಡುವುದು ಎಂದು ನಾನು ಕೇಳಿದೆ. ಅವರು ಕ್ಯಾನಿನೊಳಗೆ ತಲೆ ಹಾಕಿದ್ದವರು ಅಲ್ಲಿಂದಲೇ ಹೇಳಿದರು: "ಹಂಗಾರ ಯಾರಿಗೂ ಗೊತ್ತಾಗಬಾರದು ಅಂತ ಇಡು. ಬಾಯಿ ಬಿಟ್ರ ಮುಗೀತು." ಅದೂ ಬರೆದಾಯಿತು. ಗಣಿತದಲ್ಲಿ ಒಂದು ಪ್ರಮೇಯದ ಎಲ್ಲ ಅಪವಾದಗಳನ್ನೂ ಒಂದೊಂದಾಗಿ ಮುಚ್ಚುತ್ತ ಬಂದಾಗ ಆಗುವ ಸಂತೋಷವೇ ಅಲ್ಲಿ ನನಗಾಗುತ್ತಿತ್ತು. ಅದು ಇಂದಿಗೂ ನೆನಪಿದೆ.

ಒಂದು ವಿಷಯಕ್ಕೆ ಮಾತ್ರ ಅವರು ಬಹಳ ದಿನ ಒಪ್ಪಲಿಲ್ಲ. ಮಂದಾರೆ ಬಿಟ್ಟದ್ದರ ಫಲ ಅವಳ ತಮ್ಮನಿಗೆ ಸಿಗಬೇಕಿತ್ತು. ಇಲ್ಲದಿದ್ದರೆ ನನ್ನ ಕಥೆಯೇ ಇಲ್ಲ.

"ಆಗೂದಿಲ್ಲ ತಂಗಿ. ಒಬ್ಬರ ಕರ್ಮ ಇನ್ನೊಬ್ಬರು ಕಳಿಯಾಕ ಬರೂದಿಲ್ಲ. ಅದೂ ಅಲ್ಲದ ನಮ್ಮ ನೇಮದಾಗ ಬೇಡೂದ ಇರೂದಿಲ್ಲ. ಬಿಟ್ಟೀನಿ, ಅದಕ್ಕ ಇಂಥಾದ್ದ ಕೊಡು ಅಂದ್ರ ಅದಕ್ಕ ನಿದಾನ ಅಂತಾರ. ದೋಷ ಅದು. ಮಾಡಿದ ತಪ ಎಲ್ಲಾ ಹಾಳ."

"ಇದು ನಿಮ್ಮ ಬಸ್ತಿ ಅಲ್ಲರಿ ಅಕ್ಕಾ, ನನ್ನ ಕಥಿ."

ಅವರು ಎರಡು ಮೂರು ದಿನ ಯೋಚಿಸಿದರು. ಕಡೆಗೆ ಒಪ್ಪಿದಾಗ ಹೇಳಿದ ಮಾತು ಇದು: "ಆತು, ಕಥಿಯೊಳಗ ಆಗಲಿ. ಆದ್ರ ಒಮ್ಮೆ ಬಿಟ್ಟು ಕೈ ತೊಳಕೊಳ್ಳೂದಲ್ಲ. ಇನ್ನೊಬ್ಬರ ಜೀವ ಅಂದ್ರ ಏನ ಸಸ್ತಾ ಐತೇನ?" ಅಂದು ಬರೆದ ನಿಯಮವೇ ಕಡೆಯದು. ಇನ್ನೊಬ್ಬರ ಜೀವ ಉಳಿಸಬೇಕಾದವರು ಪ್ರತಿ ಅಮಾವಾಸ್ಯೆಗೆ ಒಂದನ್ನು ಬಿಡುತ್ತ ಹೋಗಬೇಕು. ನಡುವೆ ನಿಲ್ಲಿಸಿದರೆ, ಅಥವಾ ಬಿಟ್ಟದ್ದರಲ್ಲಿ ಒಂದನ್ನು ತಿರುಗಿ ಮುಟ್ಟಿದರೆ, ಮೊದಲಿನಿಂದ ಆದದ್ದೆಲ್ಲ ಅಳಿಸಿಹೋಗುತ್ತದೆ.

ಹೊರಬರುವ ದಾರಿಯೇ ಇಲ್ಲದ ಆ ನಿಯಮದ ಬಗ್ಗೆ ನನಗೆ ಹೆಮ್ಮೆ ಇತ್ತು. ಇಡೀ ಕಟ್ಟಳೆಯನ್ನು ನೀಟಾಗಿ ಇನ್ನೊಂದು ವಹಿಯಲ್ಲಿ ಬರೆದು ಕುಸುಮಕ್ಕನಿಗೆ ಕೊಟ್ಟೆ.

ಸನ್ಮತಿ ಹತ್ತನೇ ತರಗತಿ ಪರೀಕ್ಷೆ ಬರೆದ ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದರೆ ಅವಳ ಮುಖ ಊದಿರುತ್ತಿತ್ತು. ಮೊದಲು ನಿದ್ದೆಗೆಟ್ಟದ್ದಕ್ಕೆ ಎಂದರು. ಆಮೇಲೆ ಕಾಲೂ ಊದಿದವು. ಮಿರಜಿಗೆ ಕರೆದುಕೊಂಡು ಹೋದಾಗ ಡಾಕ್ಟರು ಎರಡೂ ಕಿಡ್ನಿ ಕೆಟ್ಟಿವೆ ಎಂದರು. ನಾನು ಎಂ.ಎಸ್ಸಿ.ಗೆಂದು ಧಾರವಾಡಕ್ಕೆ ಹೊರಟದ್ದು ಅದೇ ಸಮಯಕ್ಕೆ. ಹೋಗುವ ಮುನ್ನಾದಿನ ಹೇಳಲು ಹೋದರೆ ಕುಸುಮಕ್ಕ ಬಸ್ಸಿನಿಂದ ಆಗಷ್ಟೇ ಇಳಿದು ಬಂದು ಕ್ಯಾನುಗಳ ಮುಂದೆ ನಿಂತಿದ್ದರು. "ಚಲೋ ಓದು" ಎಂದರು, ಅಷ್ಟೇ. ಎದುರಿಗಿದ್ದ ಹಾಲಿನಲ್ಲಿ ಅವರು ಬೆರಳು ಅದ್ದಲಿಲ್ಲ, ನೇರವಾಗಿ ಮೀಟರು ಬಿಟ್ಟರು.

ನಾನು ದೀಪಾವಳಿಗೆ ಊರಿಗೆ ಬಂದಾಗ, ನಮ್ಮ ಮನೆಗೆ ಬಂದಿದ್ದ ಕುಸುಮಕ್ಕನಿಗೆ ಅವ್ವ ಚಹಾ ಕೊಟ್ಟಳು. ಕುಸುಮಕ್ಕ ಚಹಾ ಇಲ್ಲದೆ ಒಂದು ತಾಸು ಇರುವವರಲ್ಲ. ಡೇರಿಯಲ್ಲಿ ಸದಾ ಒಂದು ಬಟ್ಟಲು ಪಕ್ಕದಲ್ಲಿ ಇರುತ್ತಿತ್ತು. ಅವರು ಬಟ್ಟಲನ್ನು ಮೆಲ್ಲಗೆ ಸರಿಸಿ, "ಬ್ಯಾಡವಾ, ಈಗೀಗ ಸೇರೂದಿಲ್ಲ" ಎಂದರು. ಅವ್ವ ಶೇಂಗಾ ಹೋಳಿಗೆ ಇಟ್ಟಳು. ಅದೂ ಸೇರುವುದಿಲ್ಲ. ಬೆಲ್ಲ ಸೇರುವುದಿಲ್ಲ, ಖಾರ ಸೇರುವುದಿಲ್ಲ.

ಅವರು ಹೋದ ಮೇಲೆ ಅವ್ವ ಕೈ ಮುಗಿದಳು. "ಮಗಳ ಸಂಬಂಧ ಎಷ್ಟ ಕಷ್ಟ ಐತಿ, ಆದ್ರೂ ನೇಮ ಬಿಟ್ಟಿಲ್ಲ ನೋಡು. ಬಸ್ತ್ಯಾಗ ಎಲ್ಲಾರೂ ಅಂತಾರ, ದೊಡ್ಡ ಜೀವ ಅಂತ."

ನನಗೆ ಮಾತ್ರ ಅಲ್ಲೇ ಅನುಮಾನ ಬಂತು. ನೇಮ ಹಿಡಿದವರು ಅದನ್ನು ಬಚ್ಚಿಡುವುದಿಲ್ಲ. ಬಸದಿಯಲ್ಲಿ, ಗುರುಗಳಿದ್ದರೆ ಅವರ ಮುಂದೆ ಹೇಳಿ ಹಿಡಿಯುತ್ತಾರೆ. ಯಾರಾದರೂ ತಿನ್ನಲು ಕೊಟ್ಟರೆ "ನೇಮ ಐತ್ರಿ" ಎನ್ನುತ್ತಾರೆ. ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಕುಸುಮಕ್ಕನೂ ಮೊದಲೆಲ್ಲ ಹಾಗೆಯೇ ಅನ್ನುತ್ತಿದ್ದರು. ಈಗ "ಸೇರೂದಿಲ್ಲ" ಎನ್ನುತ್ತಿದ್ದರು. ಯಾರಿಗೂ ಗೊತ್ತಾಗಬಾರದೆಂಬ ನಿಯಮ ಅವರ ಧರ್ಮದಲ್ಲಿ ಇರಲಿಲ್ಲ. ಅದು ಇದ್ದದ್ದು ನನ್ನ ವಹಿಯಲ್ಲಿ.

ಸನ್ಮತಿಯನ್ನು ಕೇಳಿದೆ. ನಿನ್ನ ಅವ್ವ ಚಹಾ ಬಿಟ್ಟದ್ದು ಯಾವಾಗ? ಅವಳು ಹಾಸಿಗೆಯಲ್ಲೇ ಕೂತು ಬೆರಳು ಮಡಚಿದಳು. ನಾಗರ ಅಮಾಸಿಗೆ ಚಹಾ. ಅದರ ಮುಂದಿನ ಅಮಾಸಿಗೆ ಬೆಲ್ಲ. ಮಹಾಲಯಕ್ಕೆ ಖಾರ. ಮೊನ್ನೆ ದೀಪಾವಳಿ ಅಮಾಸಿಗೆ ಶೇಂಗಾ. "ಅಕ್ಕಾ, ನಿನಗ ಗೊತ್ತೈತಿಲ್ಲ? ನಂದು ರಿಪೋರ್ಟ್ ಚಲೋ ಬಂದೈತಿ. ಆ ನಂಬರ ಇಳದೈತಿ ಅಂತ ಡಾಕ್ಟರ ಅಂದ್ರು" ಎಂದಳು. ನಾಗರ ಅಮಾವಾಸ್ಯೆಯ ಹೊತ್ತಿಗೆ ಡಾಕ್ಟರು ಹೊಸ ಗುಳಿಗೆ ಶುರು ಮಾಡಿದ್ದರು. ಆ ತಿಂಗಳಲ್ಲೇ ಅವಳ ಅವ್ವ ಚಹಾ ಬಿಟ್ಟಿದ್ದರು.

ಅಂದೇ ಸಂಜೆ ಡೇರಿಯ ಹಿಂದೆ, ಕ್ಯಾನು ತೊಳೆಯುವ ಕಲ್ಲಿನ ಬಳಿ ಕುಸುಮಕ್ಕನನ್ನು ಹಿಡಿದೆ.

"ಅಕ್ಕಾ, ನೀವು ಮಾಡಾಕತ್ತಿದ್ದು ಏನ್ರಿ?"

"ಕ್ಯಾನ ತೊಳ್ಯಾಕತ್ತೀನಿ."

"ಅದಲ್ಲ. ಒಂದೊಂದ ಅಮಾಸಿಗೆ ಒಂದೊಂದ—"

ಅವರು ಒದ್ದೆ ಕೈಯನ್ನು ಎತ್ತಿದರು. ನನ್ನ ಬಾಯಿಗೆ ತಾಗಿಸಲಿಲ್ಲ, ಆದರೆ ಅಷ್ಟು ಹತ್ತಿರ ಹಿಡಿದರು. "ಗೊತ್ತಿದ್ದಾಕಿ ಯಾಕ ಕೇಳ್ತಿ? ನೀ ಕೇಳಿದ್ರ ನಾ ಹೇಳಬೇಕಾಗ್ತೈತಿ. ಸುಳ್ಳ ಹೇಳಾಕ ನನಗ ಬರೂದಿಲ್ಲ. ಖರೇ ಹೇಳಿದ್ರ..."

ಅವರ ಕಣ್ಣಿನಲ್ಲಿ ಇದ್ದದ್ದು ಭಯ. ಹೇಳಿಬಿಟ್ಟರೆ ಮಗಳ ರಿಪೋರ್ಟಿನ ಅಂಕಿ ಮತ್ತೆ ಏರುತ್ತದೆ ಎಂಬ ಭಯ.

ನಾನು ಆಗ ಮಾಡಬೇಕಾದದ್ದು ಒಂದೇ. ಗಟ್ಟಿಯಾಗಿ ಕೇಳಿ, ಅವರ ಬಾಯಿಂದ ಹೇಳಿಸಿ, ಆ ನಿಯಮವನ್ನು ಅಲ್ಲೇ ಮುರಿದುಹಾಕುವುದು. ನಾಲ್ಕು ದಿನ ಅತ್ತು ಐದನೇ ದಿನ ಚಹಾ ಕುಡಿಯುತ್ತಿದ್ದರೇನೋ. ಆದರೆ ಹೇಳಿಸಿದ ಮೇಲೆ ಸನ್ಮತಿಗೆ ಏನಾದರೂ ಆದರೆ? ನಾನು ಕೂತು ಬರೆದ ನಿಯಮ, ಅದರ ಒಂದೊಂದು ವಾಕ್ಯ ಹೇಗೆ ಹುಟ್ಟಿತೆಂದು ನನಗೆ ಗೊತ್ತು. ಆದರೂ ಆ ಕ್ಷಣದಲ್ಲಿ ನನಗೂ ಧೈರ್ಯ ಬರಲಿಲ್ಲ. ಕೇಳುವುದನ್ನು ಬಿಟ್ಟು ಕ್ಯಾನಿಗೆ ನೀರು ಹಾಕಿದೆ.

ಧಾರವಾಡದ ಹಾಸ್ಟೆಲಿನಲ್ಲಿ ಕೂತು ಬೇರೆ ಉಪಾಯ ಮಾಡಿದೆ. ಮಾತಿನಿಂದ ಆಗದ್ದನ್ನು ಕಥೆಯಿಂದ ಮಾಡಲು ಹೊರಟು, ಹೊಸದೊಂದು ಅಧ್ಯಾಯ ಬರೆದೆ. ಮಂದಾರೆ ಬಿಟ್ಟು ಬಿಟ್ಟು ಸೋತು ಬಿದ್ದಾಗ ಒಬ್ಬ ಮುದುಕಿ ಬಂದು ಹೇಳುತ್ತಾಳೆ: ನಾಲ್ಕು ಅಮಾವಾಸ್ಯೆ ದಾಟಿದವರಿಗೆ ಬಿಡುಗಡೆ ಉಂಟು; ಅವರು ಬಿಟ್ಟದ್ದನ್ನು ತಿರುಗಿ ತೆಗೆದುಕೊಂಡರೂ ಗಳಿಸಿದ್ದು ಉಳಿಯುತ್ತದೆ. ಸಂಕ್ರಮಣಕ್ಕೆ ಬಂದು ಅದನ್ನು ಕುಸುಮಕ್ಕನ ಕೈಯಲ್ಲಿಟ್ಟೆ. ಆಗಲೇ ಅವರು ಉಪ್ಪು ಬಿಟ್ಟಿದ್ದರು, ಹಾಲು ಬಿಟ್ಟಿದ್ದರು. ಕುಪ್ಪಸದ ತೋಳು ಸಡಿಲವಾಗಿ ಜೋಲುತ್ತಿತ್ತು. ಡೇರಿಗೆ ಬಂದ ಹೆಂಗಸರು ಹಾಲು ಹಾಕಿ ಅವರ ಕಾಲು ಮುಟ್ಟಿ ಹೋಗುತ್ತಿದ್ದರು. ಅವರು ಕಾಲು ಹಿಂದೆಳೆದುಕೊಂಡು, "ಬ್ಯಾಡ್ರಿ, ಹಂಗ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಅದನ್ನೂ ಜನ ವಿನಯವೆಂದೇ ತಿಳಿದರು.

ಅಧ್ಯಾಯವನ್ನು ಅವರು ನಿಂತಲ್ಲೇ ಓದಿದರು. ಎರಡು ಸಲ ಓದಿದರು. ಮಡಚಿ ನನಗೆ ಕೊಟ್ಟರು.

"ಈ ಮುದುಕಿ ಎಲ್ಲಿಂದ ಬಂದ್ಲು?"

"ಆಕಿ ಮೊದಲಿಂದ ಆ ನಾಡಿನಾಗ ಇದ್ಲು ರೀ."

"ಇರಲಿಲ್ಲ. ಇದ್ರ ನಾವು ಅಷ್ಟ ದಿನ ಹುಡಕಿದಾಗ ಸಿಗತಿದ್ಲು." ಆಮೇಲೆ, ಬಹಳ ಸಮಾಧಾನದಿಂದ: "ಇದು ಕಥಿ ಸಲುವಾಗಿ ಬರದದ್ದಲ್ಲ ತಂಗಿ. ನನ್ನ ಸಲುವಾಗಿ ಬರದಿ. ನಿನ್ನ ಮನಸ ನನಗ ತಿಳಿತೈತಿ. ಆದ್ರ ಇದನ್ನ ನಂಬಾಕ ಬರೂದಿಲ್ಲ."

ನಂಬುವಂತೆ ಬರೆಯುವುದನ್ನು ನಾನು ಕಲಿತದ್ದು ಅವರಿಂದಲೇ. ನಂಬದಂತೆ ಬರೆದಾಗ ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಮಾರ್ಚಿನ ಹೊತ್ತಿಗೆ ಸನ್ಮತಿಯ ರಿಪೋರ್ಟಿನ ಅಂಕಿ ಮತ್ತೆ ಏರಿತು. ವಾರಕ್ಕೆ ಎರಡು ಸಲ ಮಿರಜ, ಡಯಾಲಿಸಿಸ್. ಕುಸುಮಕ್ಕ ಚಿಕಿತ್ಸೆಯಲ್ಲಿ ಒಂದು ದಿನವನ್ನೂ ತಪ್ಪಿಸಲಿಲ್ಲ; ಅದನ್ನು ಇಲ್ಲಿ ಹೇಳಲೇಬೇಕು. ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತುವರು, ಸಂಜೆಯ ಹಾಲಿಗೆ ಮರಳುವರು. ಒಂದರ ಬದಲು ಇನ್ನೊಂದು ಎಂದು ಅವರು ಎಂದೂ ಎಣಿಸಲಿಲ್ಲ. ಎರಡನ್ನೂ ಮಾಡಿದರು.

ಮೇ ರಜೆಯಲ್ಲಿ ಬಂದಾಗ ಸನ್ಮತಿಯ ಕೈಯಲ್ಲಿ ಶಕ್ತಿ ಇರಲಿಲ್ಲ. ತಲೆಗೂದಲು ಗಂಟು ಗಂಟಾಗಿತ್ತು. ನಾನು ಬಾಚಣಿಗೆ ತೆಗೆದುಕೊಂಡು ಕೂತೆ. ಅವಳು ಗೋಡೆ ನೋಡುತ್ತ ಕೇಳಿದಳು:

"ಅಕ್ಕಾ, ಅವ್ವಗ ನನ್ನ ಮ್ಯಾಲ ಸಿಟ್ಟ ಬಂದೈತೇನ?"

"ಯಾಕ ಬೇ?"

"ತಲಿ ಹಿಕ್ಕೂದ ಬಿಟ್ಟಾಳ. ಸಣ್ಣಾಕಿ ಇದ್ದಾಗಿಂದ ಆಕೀನ ಹಿಕ್ಕತಿದ್ಲು, ಒಂದ ದಿನ ತಪ್ಪಿಸಿರಲಿಲ್ಲ. ಈಗ ಮಗ್ಗಲದಾಗ ಕುಂದ್ರಂಗಿಲ್ಲ. ಕರದ್ರ, ಕೆಲಸ ಐತಿ ಅಂತಾಳ. ಮಿರಜಿಗೆ ಓಡಾಡಿ ಬ್ಯಾಸರಾಗಿರಬೇಕು."

ತಿನ್ನುವುದರಲ್ಲಿ ಕುಸುಮಕ್ಕನಿಗೆ ಬಿಡಲು ಏನೂ ಉಳಿದಿರಲಿಲ್ಲ. ಬಿಡುವುದು ಮನಸ್ಸಿಗೆ ಅತ್ಯಂತ ಹತ್ತಿರದ್ದೇ ಆಗಿರಬೇಕು ಎಂದು ನಾವು ಬರೆದಿದ್ದೆವು.

ಸನ್ಮತಿಗೆ ಹೇಳಬಹುದಿತ್ತು. ನಿನ್ನ ಅವ್ವನಿಗೆ ಸಿಟ್ಟಿಲ್ಲ, ನಿನ್ನ ತಲೆ ಬಾಚುವುದು ಆಕೆಗೆ ಲೋಕದಲ್ಲೇ ಹೆಚ್ಚು ಪ್ರೀತಿಯದು, ಅದಕ್ಕೇ ಬಿಟ್ಟಿದ್ದಾಳೆ ಎಂದು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. "ಸಿಟ್ಟಿಲ್ಲ ಬೇ, ದಣದಾಳ" ಎಂದೆ. ಜಡೆ ಹೆಣೆದು ರಿಬ್ಬನ್ನು ಕಟ್ಟಿದೆ. ಬಾಗಿಲಾಚೆ ಕುಸುಮಕ್ಕ ನಿಂತಿದ್ದರು. ನನ್ನ ಕೈಯಲ್ಲಿದ್ದ ಬಾಚಣಿಗೆಯನ್ನೇ ನೋಡುತ್ತಿದ್ದರು.

ಸನ್ಮತಿ ಜೂನಿನಲ್ಲಿ ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನನ್ನ ಪರೀಕ್ಷೆ ನಡೆದಿತ್ತು. ಅವ್ವ ಎರಡು ದಿನ ಬಿಟ್ಟು ಫೋನಿನಲ್ಲಿ ತಿಳಿಸಿದಳು.

ನಾನು ಕುಸುಮಕ್ಕನನ್ನು ಕಡೆಯ ಸಲ ನೋಡಿದ್ದು ಆ ವರ್ಷದ ದಸರೆಯಲ್ಲಿ. ಡೇರಿಯ ಕೆಲಸಕ್ಕೆ ಬೇರೆಯವರು ಬಂದಿದ್ದರು. ಕುಸುಮಕ್ಕ ತಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಗಳು ಹೋಗಿ ನಾಲ್ಕು ತಿಂಗಳಾಗಿತ್ತು. ಎಲ್ಲ ಮುಗಿಯಿತಲ್ಲ, ಇನ್ನಾದರೂ ಊಟ ಮಾಡುತ್ತಿರಬಹುದು ಎಂದುಕೊಂಡು ಹೋಗಿದ್ದೆ. ನೋಡಿದರೆ ಕೈಯ ಎಲುಬು ಎಣಿಸುವಂತಿದ್ದವು. ಪಕ್ಕದಲ್ಲಿ ಬಸದಿಯ ಪುರಾಣದ ಪುಸ್ತಕ ಬಟ್ಟೆಯಲ್ಲಿ ಸುತ್ತಿ ಇಟ್ಟಿತ್ತು. ಓದುವುದನ್ನೂ ಬಿಟ್ಟಿದ್ದಾರೆಂದು ಅವ್ವ ಮೊದಲೇ ಹೇಳಿದ್ದಳು. ಕಣ್ಣು ಮಂಜಾಗಿರಬೇಕು ಎಂದು ಅವಳ ಎಣಿಕೆ.

"ಅಕ್ಕಾ, ಒಂದ ಬಟ್ಟಲ ಚಹಾ ಮಾಡಿ ತರ್ತೀನ್ರಿ. ಇನ್ನ ಯಾರ ಸಲುವಾಗಿ ಬಿಡಾಕತ್ತೀರಿ?"

ಈ ಸಲ ಅವರು ನನ್ನನ್ನು ತಡೆಯಲಿಲ್ಲ. ಬಾಯಿ ಬಿಟ್ಟರೆ ನಿಲ್ಲುವುದು ಮುಂದೆ ಸಿಗುವ ಫಲ ಮಾತ್ರ, ಅವರಿಗೆ ಮುಂದೆ ಸಿಗಬೇಕಾದದ್ದು ಇನ್ನೇನೂ ಇರಲಿಲ್ಲ.

"ಡಾಕ್ಟರ ಮೊದಲನೇ ದಿನಾನ ನನ್ನ ಒಬ್ಬಾಕೀನ್ನ ಕರದು ಹೇಳಿದ್ರು," ಎಂದರು. "ಎರಡ ತಿಂಗಳಾನೂ ಕಷ್ಟ ಅಂತ. ಆಕಿ ಹನ್ನೊಂದ ತಿಂಗಳ ಇದ್ಲು."

"ಅದು ಗುಳಿಗಿಯಿಂದ ರೀ. ಡಯಾಲಿಸಿಸ್‌ನಿಂದ. ನೀವು ಓಡಾಡಿದ್ದರಿಂದ."

"ಇರಬಹುದು." ಅವರು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. "ಆ ಹನ್ನೊಂದ ತಿಂಗಳದಾಗ ಆಕಿ ದೀಪಾವಳಿ ಪಣತಿ ನೋಡಿದ್ಲು. ಒಂದ ದಿನ ಬಸ್ಸಿನ್ಯಾಗ ಯಾವದೋ ಸಣ್ಣ ಕೂಸಿನ ಕೂಡ ಮಿರಜ ಮಟ ನಕ್ಕೋತ ಬಂದ್ಲು. ನಿನ್ನ ಕಡೆ ತಲಿ ಹಿಕ್ಕಿಸಿಕೊಂಡ್ಲು."

ಪಕ್ಕದಲ್ಲಿದ್ದ ಪುಸ್ತಕದ ಬಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದರು.

"ನಾ ಈಗ ಚಹಾ ಕುಡದ್ರ ಅಷ್ಟೂ ಅಳಿಸಿ ಹೋಗ್ತೈತಿ. ಆಕಿ ಎರಡ ತಿಂಗಳಕ್ಕ ಹೋದಂಗ ಆಗ್ತೈತಿ."

ಅದು ಹಾಗಲ್ಲ ಎನ್ನಲು ಕಟ್ಟಳೆಯಲ್ಲಿ ನಾನು ಒಂದು ತೂತನ್ನೂ ಬಿಟ್ಟಿರಲಿಲ್ಲ. ಚಹಾ ಮಾಡಲು ಎದ್ದವಳು ಮತ್ತೆ ಕೂತೆ. ಆಮೇಲೆ ಅವರು ಧಾರವಾಡದ ಹಾಸ್ಟೆಲಿನ ಊಟ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ.

ಚಳಿಗಾಲದಲ್ಲಿ ಒಂದು ಸಣ್ಣ ಜ್ವರ ಬಂದು ಕುಸುಮಕ್ಕ ನಾಲ್ಕು ದಿನದಲ್ಲಿ ಹೋದರು. ಊರಿನಲ್ಲಿ ಇಂದಿಗೂ ಅವರ ನೇಮದ ಮಾತು ಬಂದರೆ ಜನ ಕೈ ಮುಗಿಯುತ್ತಾರೆ. ನಾನು ಅಲ್ಲಿದ್ದರೆ ನಾನೂ ಮುಗಿಯುತ್ತೇನೆ.